ಪಾತಾಳಗರಡಿ

ಆರು ವರ್ಷದಿಂದ ಭಾನುವಾರವೆಂದರೆ ನನಗೆ
ನಲವತ್ತು ಮಂದಿಯ ಚಿತ್ರಾನ್ನ.
ದಿಬ್ಬೂರಹಳ್ಳಿ ಕಡೆಯಿಂದ ಟೆಂಪೋ ಬಂದು ನಿಂತರೆ
ಮೇಲೆ ಬಂಡೆಯ ಹತ್ತಿರ ಟೀ,
ಆಮೇಲೆ ಡಬರಿ ಹೊತ್ತು ಸುತ್ತುದಾರಿಯಲ್ಲಿ ಇಳಿದು
ಕೆಳಗೆ ಹೊಂಡದ ಹತ್ತಿರ ಊಟ.
ಪಿಚ್ಚುಕಲ ಕೋನದ ತಲೆ ಗೊತ್ತು, ಕಾಲು ಗೊತ್ತು,
ಹೊಟ್ಟೆ ಮಾತ್ರ ಗೊತ್ತಿರಲಿಲ್ಲ.

ಕೋನ ಅಂದರೆ ನಮ್ಮ ತೆಲುಗಿನಲ್ಲಿ ಕೊರಕಲು.
ಪಿಚ್ಚುಕ ಅಂದರೆ ಗುಬ್ಬಿ. ಇದ್ದವೋ ಏನೋ,
ನಾನು ಕಂಡಿದ್ದು ಕಡಜದ ಗೂಡು.
ಮೂರು ಇಳಿತ. ಕಲಿಯದವರಿಗೆ ಇದೇ ಸರಿ ಅಂತ
ಬರುವವರೆಲ್ಲ ಇದನ್ನೇ ಕೇಳಿಕೊಂಡು ಬರುತ್ತಾರೆ.

ಸೋಮವಾರ ಹಗ್ಗ ಒಣಗಿಸಲು ಬಂದಿದ್ದ ಶಬ್ಬೀರ
ಏನನ್ನಿಸಿತೋ, "ನೀವೂ ಇಳೀರಿ ಅಲಮೇಲಕ್ಕಾ" ಅಂದ.
"ಎಷ್ಟು?" ಅಂದೆ.
"ಆರು ವರ್ಷದ ಟೀ" ಅಂದ.

ಮಗಳ ಪ್ಯಾಂಟು, ಯಾರದೋ ಬೂಟು.
ನನ್ನ ಹವಾಯಿ ಚಪ್ಪಲಿ ಬಂಡೆಯ ಮೇಲೆ ಜೋಡಿಸಿಟ್ಟೆ.
ಸೊಂಟಕ್ಕೊಂದು ತೊಡೆಗೆರಡು ಪಟ್ಟಿ ಬಿಗಿಯುವಾಗ
ಅವನ ನಡುವಿನ ಕೊಂಡಿಗಳು ಕಿಣಿ ಕಿಣಿ ಅಂದವು.
ಆ ಸದ್ದು ನನಗೆ ಗೊತ್ತು.

ಅಮ್ಮನ ಅಟ್ಟದಲ್ಲಿ ಪಾತಾಳಗರಡಿ ಇತ್ತು.
ಮೂರು ಬೀದಿಗೆ ಅದೊಂದೇ.
ಬಾವಿಗೆ ಬಿದ್ದ ಕೊಡ, ಚೊಂಬು, ಒಂದು ಸಲ ಗಡಿಯಾರ,
ಏನಿದ್ದರೂ ಕತ್ತಲಲ್ಲಿ ತಡವಿ ತಡವಿ
ಒಂದು ಕೊಕ್ಕೆಗಾದರೂ ಸಿಕ್ಕಿಸಿಕೊಂಡು ಬರುತ್ತಿತ್ತು.
ಕೇಳಲು ಬಂದವರು ಪಾತ್ರೆ ಅಡ ಇಡಬೇಕು, ಅದು ನೇಮ.
ಗರಡಿ ಬಂದರೆ ಪಾತ್ರೆ ವಾಪಸ್ಸು.
ಕೊನೆಗೊಂದು ದಿನ ಹಗ್ಗ ಹರಿದು
ಗರಡಿ ಬಾವಿಯಲ್ಲೇ ಉಳಿಯಿತು.
ಅದನ್ನೆತ್ತಲು ಇನ್ನೊಂದು ಗರಡಿ ಊರಲ್ಲಿರಲಿಲ್ಲ.
ಅವರು ಅಡವಿಟ್ಟ ಹಿತ್ತಾಳೆ ಸೌಟು
ಈಗಲೂ ನನ್ನ ಚಿತ್ರಾನ್ನ ಕಲಸುತ್ತದೆ.

"ಹಿಂದಕ್ಕೆ ಒರಗಿ" ಅಂದ.
ಹಿಂದೆ ಏನೂ ಇಲ್ಲವಲ್ಲೋ ಅಂದೆ.
"ಅದಕ್ಕೇ ಹೇಳಿದ್ದು."

ಒಲೆಗೆ, ನಲ್ಲಿಗೆ, ಬಚ್ಚಲಿಗೆ
ಮುಂದಕ್ಕೆ ಬಗ್ಗಿಯೇ ಐವತ್ತಾದ ಸೊಂಟ ಇದು.
ಗಾಳಿಗೆ ಒರಗು ಅಂದರೆ?
ಬಲಗೈ ತೊಡೆಯ ಪಕ್ಕ, ಅದೇ ಬ್ರೇಕು.
ಸಡಿಲಿಸಿದರೆ ಇಳಿತ, ಬಿಗಿಹಿಡಿದರೆ ನಿಲುಗಡೆ.
ಹಾಲು ಉಕ್ಕುವಾಗ ಸ್ಟೌ ತಿರುಗಿಸುವ ಕೈ,
ಅಷ್ಟು ಲೆಕ್ಕ ಅದಕ್ಕೆ ಬರುತ್ತಿತ್ತು.

ಮೊದಲ ಇಳಿತದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ,
ಅದರ ಬಗ್ಗೆ ಹೇಳಲು ಏನೂ ಇಲ್ಲ.
ಎರಡನೆಯದರಲ್ಲಿ ನೀರು.
ಹೆಲ್ಮೆಟ್ಟಿನ ಮೇಲೆ ಅಕ್ಕಿ ಸುರಿದಂತೆ ಸದ್ದು.
ಎರಡು ಬಂಡೆಯ ನಡುವೆ ಆಕಾಶ
ರಿಬ್ಬನ್ನಿನಷ್ಟು.
ಮೂಗಿನ ಮುಂದೆ ಪಾಚಿ, ಒಂದು ಮರಿ ಏಡಿ,
ನನ್ನನ್ನು ನೋಡಿ ಅದೇ ಹಿಂದಕ್ಕೆ ಸರಿಯಿತು.

ಮೂರನೆಯದರ ಅರ್ಧದಲ್ಲಿ
ಬಿರುಕಿನೊಳಗೆ ಏನೋ ಹೊಳೆಯಿತು.
ಸ್ಟೀಲ್ ಲೋಟ.
ಹೋದ ವರ್ಷ ಎಣಿಕೆಯಲ್ಲಿ ಕಡಿಮೆ ಬಿದ್ದದ್ದು,
ತಳದಲ್ಲಿ ನನ್ನದೇ ಹೆಸರು ಕೊರೆದದ್ದು.
ಆ ಕನ್ನಡಕದ ಹುಡುಗನ ಚೀಲಕ್ಕೆ ಕೈ ಹಾಕಿ ನೋಡಿದ್ದೆ.
ಆಡಬಾರದ್ದು ಆಡಿದ್ದೆ.
ಅವನು ಊಟ ಬಿಟ್ಟು ಎದ್ದು ಹೋಗಿದ್ದ.

ಬಲಗೈ ಬಿಡುವಂತಿಲ್ಲ.
ಹಗ್ಗದಲ್ಲಿ ಗಿರಕಿ ಹೊಡೆಯುತ್ತ ಎಡಗೈ ಚಾಚಿದೆ,
ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು,
ಬೆರಳು ಕೊಕ್ಕೆಯಾಗಿ
ಅಂಚಿಗೆ ಸಿಕ್ಕಿತು.
"ಏನಕ್ಕಾ, ಏನಾಯ್ತು?" ಮೇಲಿನಿಂದ ಶಬ್ಬೀರ.
ಏನೂ ಇಲ್ಲ ಕಣೋ, ಬಿಡು ಹಗ್ಗ.

ಅವನೂ ಇಳಿದು ಬಂದು ಹಗ್ಗದ ಒಂದು ತುದಿ ಎಳೆದ.
ಇನ್ನೊಂದು ತುದಿ ಮೇಲೇರಿ, ಬಳೆಯಿಂದ ಕಳಚಿ
ಸರ್ರನೆ ಹೊಂಡಕ್ಕೆ ಬಿತ್ತು.
ನಗ್ಗಿದ ಲೋಟದಲ್ಲಿ ಮೊಗೆದು ಕುಡಿದೆ.
ತಣ್ಣಗಿತ್ತು, ಸ್ವಲ್ಪ ಕಬ್ಬಿಣದ ರುಚಿ.

ಆ ಹುಡುಗ ಯಾವೂರೋ, ಹೆಸರೂ ಗೊತ್ತಿಲ್ಲ.

ಚಪ್ಪಲಿ ಮೇಲೆಯೇ ಅಡವಿತ್ತು.
ಬಿಡಿಸಿಕೊಳ್ಳಲು ಸುತ್ತುದಾರಿ ಹತ್ತಿದೆ,
ಕಂಡವರ ಬೂಟಿನೊಳಗೆ ನೀರು ಪಚ ಪಚ ಅನ್ನುತ್ತ.
ಈ ಭಾನುವಾರ ಮೂವತ್ತೆಂಟು ಮಂದಿಯಂತೆ.
ಶಬ್ಬೀರ ಹಿಂದಿನಿಂದ ಕೂಗಿ ಹೇಳಿದ,
ಇಬ್ಬರಿಗೆ ಕಡಲೆಬೀಜ ಆಗುವುದಿಲ್ಲವಂತೆ.