ಹದ್ದಿನಮೂಗಿಗೆ ಒಂದು ಫಲಕ

ಅಕ್ಷರಕ್ಕೆ ಆರು ರೂಪಾಯಿ.
ಒತ್ತು, ಕೊಂಬು, ದೀರ್ಘ ಎಲ್ಲ ಪುಕ್ಕಟೆ.
ಹಲಗೆ ಅವರದು, ಬಣ್ಣ ನನ್ನದು.
ಕಾರವಾರದ ಕಚೇರಿಯಿಂದ ಬಂದ ಹಾಳೆಯಲ್ಲಿ ಹದಿಮೂರು ಸಾಲು,
ಮೇಲೆ ಇತಿಹಾಸ, ಕೆಳಗೆ ಆಕರ್ಷಣೆಗಳು.

ಗಂಗಾವಳಿ ದಾಟಿ, ರಸ್ತೆ ಸೋತು
ಕಲ್ಲು ಸುರುವಾಗುವಲ್ಲಿ ಬೈಕು ನಿಲ್ಲಿಸಿ
ಡಬ್ಬಿಗಳನ್ನು ಹೆಗಲಿಗೆ ಹಾಕಿಕೊಂಡು ಹತ್ತಿದೆ.
ನೆಲ ಇಲ್ಲಿ ಸುಮ್ಮನೆ ಮುಗಿಯುವುದಿಲ್ಲ.
ಹೊರಟೆ ಹೊರಟೆ ಎನ್ನುತ್ತ ಹೊಸಿಲಲ್ಲೇ ನಿಂತ ನೆಂಟನ ಹಾಗೆ
ಇನ್ನೊಂದು ಹೆಜ್ಜೆ, ಇನ್ನೊಂದೇ ಎಂದು
ನೀರೊಳಗೆ ಮೂಗು ಚಾಚಿದೆ.

ಮೊದಲು ಕೋಟೆ.
ಕಟ್ಟಿದವರು ಸೋದೆಯ ಅರಸರು, ಎನ್ನುತ್ತದೆ ಹಾಳೆ.
ಪರಂಗಿಯವರು, ಎನ್ನುತ್ತಾನೆ
ಇಗರ್ಜಿಯ ಗಂಟೆ ಹೊಡೆಯುವ ಮಿಂಗೇಲ.
ಇಬ್ಬರೂ ಕಟ್ಟಿದ್ದಿರಬಹುದು,
ಕೆಡವಿದ್ದಂತೂ ಇಬ್ಬರೂ.
ಉಳಿದದ್ದು ಒಂದೂವರೆ ಗೋಡೆ.
ಚಿರೆಕಲ್ಲಿನ ತೂತುತೂತಿನಲ್ಲಿ ಒಂದೊಂದು ಏಡಿ,
ಯಾರಿಗೂ ಕಂದಾಯ ಕಟ್ಟದೆ.

ಆಮೇಲೆ ದೀಪಸ್ತಂಭ.
ಸೀಮೆಎಣ್ಣೆಯ ಕಾಲದಲ್ಲಿ ಬತ್ತಿ ಕಾಯ್ದ ಬೊಮ್ಮಯ್ಯ ಆಗೇರ
ಆಟಿ ತಿಂಗಳಿಡೀ ಕೆಳಗಿಳಿಯುತ್ತಿರಲಿಲ್ಲವಂತೆ,
ಹೆಂಡತಿ ಬುತ್ತಿಯನ್ನು ಹಗ್ಗಕ್ಕೆ ಕಟ್ಟಿ
ಮೇಲಕ್ಕೆ ಕಳಿಸುತ್ತಿದ್ದಳಂತೆ.
ಹಾಳೆಯಲ್ಲಿ ಎತ್ತರ ಇದೆ, ಮೀಟರಿನಲ್ಲಿ.
ಬೊಮ್ಮಯ್ಯ ಇಲ್ಲ.
ಬರೆದಿದ್ದರೆ ಹದಿನೆಂಟು ರೂಪಾಯಿ.

ಸಮುದ್ರಕ್ಕೆ ಹನ್ನೆರಡು ಮಾರು ದೂರದಲ್ಲಿ ಸಿಹಿನೀರ ಬಾವಿ.
ಮೆಣಸು ತುಂಬಿಕೊಂಡ ಹಾಯಿಹಡಗುಗಳು
ಪೀಪಾಯಿ ತುಂಬಿಸಿಕೊಂಡಿದ್ದೂ ಇಲ್ಲೇ ಅಂತೆ.
ಬೊಗಸೆಯಲ್ಲಿ ಎತ್ತಿ ಕುಡಿದು ನೋಡಿದೆ.
ತುಸು ಉಪ್ಪು.
ಬರೆದೆ: ಸಿಹಿ.

ಸೂರ್ಯಾಸ್ತಕ್ಕೆ ನಾಲ್ಕು ಅಕ್ಷರವಾದೀತೆಂದು ಎಣಿಸಿದ್ದೆ.
ಮೂರೇ.

ಇಳಿತದ ಹೊತ್ತು. ಕೆಳಗೆ ಟಕ್, ಟಕ್.
ಸೀರೆಯನ್ನು ಮೊಣಕಾಲಿಗೆ ಬಿಗಿದ ಹೆಂಗಸರು
ಕಬ್ಬಿಣದ ಕೊಕ್ಕೆಯಿಂದ ಬಂಡೆಯ ಕಲಗ ಎಬ್ಬಿಸುತ್ತಿದ್ದರು.
ಅವರಲ್ಲೊಬ್ಬಳು, ದುರ್ಗಿ ಅಂಬಿಗ,
ಬುಟ್ಟಿ ಹೊತ್ತು ಮೇಲೆ ಬಂದು
ನನ್ನನ್ನು ಕೇಳದೆಯೇ ಫಲಕದ ಹಿಂದಿನ ನೆರಳಲ್ಲಿ ಕೂತಳು.
ಹಲಗೆಯ ಆಚೆಯಿಂದ ದನಿ:
‘ಏನ್ ಬರ್ದ್ಯೋ? ಓದು ನೋಡ್ವ.’

ಓದಿದೆ.
ಚಿಪ್ಪು ಬಿಚ್ಚುವ ಸದ್ದು ಎಲ್ಲೂ ನಿಲ್ಲಲಿಲ್ಲ,
ಅರಸರ ಹೆಸರಿಗೂ.
‘ಅಜ್ಜಿಕಲ್ಲು ಇಲ್ವಲ್ಲೋ?’
ಇಲ್ಲ.
‘ಮೊರದಕಲ್ಲು? ಜೋಡಿಬಸಿರಿ?’
ಇಲ್ಲ.
‘ಸುಳ್ಳುಕಲ್ಲಾದ್ರೂ?’

ಸುಳ್ಳುಕಲ್ಲು ಎಂದರೆ
ಒಣಗಿ ನಿಂತು ಬಾ ಎಂದು ಕರೆಯುವ ಬಂಡೆ.
ನೀರು ಎದುರಿನಿಂದ ಇಳಿಯುತ್ತಿರುವಾಗಲೇ
ಹಿಂದಿನಿಂದ ಬರುತ್ತದೆ.
‘ನನ್ನ ನಾದಿನಿ ಅಲ್ಲಿ...’ ಎಂದಳು.
ಚಿಪ್ಪಿನ ಸದ್ದು ನಿಂತಿದ್ದು ಆಗ.
ಆಮೇಲೆ ಹಲಗೆಯ ಅಂಚಿನಿಂದ ಒಂದು ಕೈ ಬಂತು,
ಅಂಗೈಯಲ್ಲಿ ತೆರೆದ ಕಲಗ.
ಟರ್ಪೆಂಟೈನ್ ಬೆರಳಿಂದಲೇ ತೆಗೆದು ನುಂಗಿದೆ.
ಬಾವಿಗಿಂತ ಸಿಹಿ.

ಹೊರಡುವಾಗ ಈಚೆ ಬಂದು
ನಾನು ನಿಂತಲ್ಲೇ ನಿಂತು ನೋಡಿದಳು.
ಓದು ಬಾರದವಳು ಅಕ್ಷರ ನೋಡಲಿಲ್ಲ,
ತನ್ನ ಕಾಲು ನೋಡಿಕೊಂಡಳು, ಹಿಂದೆ ತಿರುಗಿ ನೋಡಿದಳು.
‘ಓದೂಕೆ ನಿಂತವ್ರು
ಸಮುದ್ರಕ್ಕೆ ಬೆನ್ನು ಹಾಕ್ತ್ರಲ್ಲೋ.’

ಹೌದು.
ಕಂತ್ರಾಟುದಾರ ಕಂಬ ನೆಟ್ಟಿದ್ದಾನೆ
ಫಲಕದ ಮುಖವನ್ನು ಪಡುವಣಕ್ಕೆ ಮಾಡಿ.
ಸಿಮೆಂಟು ಒಣಗಿ ವಾರವಾಗಿದೆ.

ಹದಿಮೂರನೆಯ ಸಾಲು ಇನ್ನೂ ಹಸಿಯಾಗಿತ್ತು:
ಸ್ವಚ್ಛತೆ ಕಾಪಾಡಿ.
ಬಟ್ಟೆ ಅದ್ದಿ ಒರೆಸಿದೆ.
ಗಾಳಿ ಮರಳು ತಂದು ಮೆತ್ತುವ ಮುನ್ನ
ಕೈ ನಡುಗದಂತೆ ಹಿಡಿದು ಬರೆದೆ:

ಈಗ ತಿರುಗಿ ನಿಲ್ಲಿ.

ಒಂದಕ್ಷರ ಹೆಚ್ಚಾಯಿತು.
ಆ ಆರು ರೂಪಾಯಿ ನನ್ನ ಲೆಕ್ಕಕ್ಕೆ.