ಕರ್ತೃವಿಲ್ಲದ ವಾಕ್ಯ

ವಿನ್ನಿಪೆಗ್‌ನ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನದು ಅಂಕಿ ಹಾಕುವ ಕೆಲಸ.
ಮೇಲಿನ ವಾರ್ಡುಗಳಿಂದ ಮನುಷ್ಯರು ಮನೆಗೆ ಹೋದ ಮೇಲೆ
ಅವರ ಕಡತ ಕೆಳಗಿಳಿದು ಬರುತ್ತದೆ;
ಉಬ್ಬಸಕ್ಕೊಂದು ಸಂಖ್ಯೆ, ಸಕ್ಕರೆಗೊಂದು,
ನೀರು ತುಂಬಿದ ಎದೆಗೊಂದು.
ಕೊನೆಯ ಕಲಮಿನಲ್ಲಿ ಒಂದು ಚೌಕ:
‘ತಡೆಯಬಹುದಾಗಿತ್ತು.’
ಟಿಕ್ ಮಾಡುತ್ತೇನೆ.

ಹದಿನೇಳು ವರ್ಷದಿಂದ ಟಿಕ್ ಮಾಡುತ್ತಿದ್ದೇನೆ.
ಎಂಥ ಸಭ್ಯ ವಾಕ್ಯ ನೋಡಿ,
ಕ್ರಿಯಾಪದವಿದೆ, ಕರ್ತೃವಿಲ್ಲ.
ಯಾರು ತಡೆಯಬಹುದಾಗಿತ್ತು ಎಂದು ಬರೆಯಲು
ಚೌಕ ಅಷ್ಟು ದೊಡ್ಡದಿಲ್ಲ.
ಉಳಿದದ್ದು ಕರ್ಮ ಮಾತ್ರ,
ಅದೂ ಹಾಸಿಗೆಯ ಮೇಲೆ ಮಲಗಿದೆ, ಮೂಗಿಗೆ ನಳಿಗೆ.

ಇವತ್ತಿನದು ಓರೆಸ್ಟ್ ಹ್ನಾಟಿಯುಕ್. ಐವತ್ತಾರು.
ಮಾಂಸದ ಕಾರ್ಖಾನೆಯ ಶೀತಲ ಕೋಣೆ, ಈಗ ವಾರಕ್ಕೆ ಮೂರೇ ದಿನ.
ಈ ಚಳಿಗಾಲದಲ್ಲಿ ಇದು ಮೂರನೆಯ ಸಲ.
ಡಾಕ್ಟರ ಟಿಪ್ಪಣಿ: ‘ಔಷಧಿ ಸರಿಯಾಗಿ ಸೇದುವುದಿಲ್ಲ.’
ನರ್ಸ್ ಪಾಂಗಿಲಿನನ್ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:
‘ಎಣಿಸಿ ಸೇದುತ್ತಾರೆ.’

ಈ ದೇಶದಲ್ಲಿ ಹಾಸಿಗೆಗೆ ಕಾಸಿಲ್ಲ.
ಮೂರು ಹೊತ್ತಿನ ಊಟ, ಆಮ್ಲಜನಕ, ಬಿಸಿ ಮಾಡಿದ ಕಂಬಳಿ,
ಎಲ್ಲ ನಮ್ಮೆಲ್ಲರ ತೆರಿಗೆಯದು, ಹೆಮ್ಮೆಯದು.
ಬಾಗಿಲು ದಾಟಿ ಔಷಧದಂಗಡಿಗೆ ಹೋದರೆ
ಮುಷ್ಟಿಯಲ್ಲಿ ಅಡಗುವ ಆ ನೇರಳೆ ಡಬ್ಬಿಗೆ
ನೂರ ಹದಿನೆಂಟು ಡಾಲರ್.
ವರ್ಷದ ಮೊದಲ ಇಷ್ಟು ನಿನ್ನದು,
ಆಮೇಲಿನದು ಸರ್ಕಾರದ್ದು ಎನ್ನುತ್ತದೆ ನಿಯಮ.
ಆ ‘ಆಮೇಲೆ’ ತಲುಪುವ ಹೊತ್ತಿಗೆ
ಓರೆಸ್ಟ್ ಆಂಬುಲೆನ್ಸಿನಲ್ಲಿರುತ್ತಾನೆ.

ಮೊನ್ನೆಯ ಕಡತ ಮೇವಿಸ್ ಡ್ಯುಶಾರ್ಮ್‌ಳದು.
ಹಗಲು ಶಾಲೆಯ ಅಡಿಗೆಮನೆ, ಸಂಜೆ ಕಚೇರಿಗಳ ಕಸ.
ಕ್ಲಿನಿಕ್ಕಿಗೆ ಹೋದರೆ ಅರ್ಧ ದಿನದ ಸಂಬಳ ಕಟ್.
ಕಾಲು ಊದಿ ಬೂಟು ಹತ್ತದಾದಾಗ
ಮಗನ ಬೂಟಿನಲ್ಲಿ ಇನ್ನೊಂದು ತಿಂಗಳು ದೂಡಿದಳು.
ಅದಕ್ಕೂ ಒಂದು ಸಂಖ್ಯೆ ಇರಬೇಕಿತ್ತು.
ಹುಡುಕಿದೆ. ಇಲ್ಲ.

ನದಿಯಾಚೆ, ಎಲ್ಮ್ ಮರಗಳ ಬೀದಿಗಳಲ್ಲೂ
ಜನಕ್ಕೆ ಉಬ್ಬಸವಿದೆ, ಸಕ್ಕರೆಯಿದೆ.
ಅಲ್ಲಿಂದ ಕಡತ ಬರುವುದು ಅಪರೂಪ;
ಬಂದರೆ ಮಂಡಿಯದು, ಸ್ಕೀ ಮಾಡಿ ಮುರಿದದ್ದು.
ಅವರೇನು ಜಾಣರಲ್ಲ, ನಾವೇನು ದಡ್ಡರಲ್ಲ;
ಅವರ ಬಚ್ಚಲಮನೆಯ ಕಪಾಟಿನಲ್ಲಿ
ಒಂದು ಡಬ್ಬಿ ಮುಗಿಯುವ ಮೊದಲೇ ಇನ್ನೊಂದು ಕೂತಿರುತ್ತದೆ.

ನನ್ನದೂ ಹೇಳಿಬಿಡುತ್ತೇನೆ:
ರಕ್ತದೊತ್ತಡದ ಗುಳಿಗೆಯನ್ನು ಈರುಳ್ಳಿಯ ಚಾಕುವಿನಲ್ಲಿ ಸೀಳಿ
ಅರ್ಧ ನುಂಗಿ ಬಸ್ಸು ಹತ್ತಿದ ತಿಂಗಳುಗಳುಂಟು.

ಸಂಜೆ ಮೈನಸ್ ಮೂವತ್ತೊಂದು.
ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಪಕ್ಕದಲ್ಲೊಬ್ಬ,
ಮಣಿಕಟ್ಟಿನ ಪಟ್ಟಿ ಇನ್ನೂ ಬಿಚ್ಚಿಲ್ಲ; ಹೆಸರು ಓದಿದೆ.
ಕೋಟಿನ ಜೇಬಿನಿಂದ ಡಬ್ಬಿ ತೆಗೆದ,
ಅದರ ಮೇಲೆ ವಾರ್ಡಿನ ಹಳದಿ ಚೀಟಿ.
ಅರ್ಧ ಉಳಿದದ್ದನ್ನು ಎಸೆಯಬೇಕೆಂಬುದು ನಿಯಮ.
ಎಸೆದಿಲ್ಲ. ಕೊಡಲಾಗಿದೆ.
ಕರ್ತೃವಿಲ್ಲದ ಒಂದು ವಾಕ್ಯ
ಹದಿನೇಳು ವರ್ಷದಲ್ಲಿ ಮೊದಲ ಸಲ ಹಿತವೆನಿಸಿತು.

ಅವನು ಡಬ್ಬಿ ತಿರುಗಿಸಿ
ಬೆನ್ನಿನ ಪುಟ್ಟ ಕಿಟಕಿಯಲ್ಲಿ ನೋಡಿದ: ನಲವತ್ತಮೂರು.
ತುಟಿ ಅಲುಗಿತು. ಲೆಕ್ಕ ನನಗೂ ಗೊತ್ತು.
ಹೇಳಿದಂತೆ ದಿನಕ್ಕೆ ನಾಲ್ಕಾದರೆ ಹತ್ತು ದಿನ.
ಎರಡಾದರೆ ಮೂರು ವಾರ.
ಒಂದೇ ಆದರೆ
ಕೆಂಪು ನದಿಯ ಮಂಜುಗಡ್ಡೆ ಬಿರಿಯುವ ತನಕ.