ಎಂಟನೇ ಬಿ, ಕಥೆಯ ಪಾಠ

ಹಲಗೆಯ ಮೇಲೊಂದು ಗುಡ್ಡ ಬರೆದೆ:
ಇಲ್ಲಿ ಶುರು, ಇಲ್ಲಿ ತೊಡಕು, ಇದು ತುದಿ,
ಆಮೇಲೆ ಇಳಿಜಾರು, ಶುಭಂ.
ನಂದಿಬೆಟ್ಟಕ್ಕೂ ಹೋಗಿಲ್ಲ ಮಿಸ್, ಅಂದರು.
ಸರಿ, ಫ್ಲೈಓವರ್ ಅಂದುಕೊಳ್ಳಿ.

ಕೊನೇ ಬೆಂಚಿನ ಆರೋಗ್ಯಮೇರಿ ಎದ್ದಳು:
"ಈಜಿಪುರದ್ದಾ?"

ನಕ್ಕರು. ನಾನೂ.
ವರ್ಷಗಟ್ಟಲೆ ಏರಿ ಏರಿ
ತುಕ್ಕು ಸರಳುಗಳನ್ನು ಗಾಳಿಗೆ ಚಾಚಿ
ನಿಂತೇಬಿಟ್ಟದ್ದು.

ಅವಳು ಮಾತ್ರ ಕೂರಲಿಲ್ಲ.
"ಅದರಡಿ ನಮ್ಮಪ್ಪನ ಪಂಕ್ಚರ್ ಅಂಗಡಿ ಮಿಸ್.
ಅದು ಮುಗಿದ ದಿನ
ನಮ್ಮನ್ನ ಎಬ್ಬಿಸ್ತಾರಂತೆ."

ಬೆಲ್ ಹೊಡೆಯಿತು.
ಚೀಲಗಳ ಸದ್ದಿನಲ್ಲಿ ಡಸ್ಟರ್ ಹುಡುಕಿ
ಇಳಿಜಾರನ್ನಷ್ಟೇ ಒರೆಸಿದೆ.

ಮೂಲೆಯಲ್ಲಿ 'ಶುಭಂ' ಉಳಿದಿತ್ತು,
ಯಾವ ಗೆರೆಗೂ ತಾಗದೆ,
ನಾಳೆಯ ತಾರೀಖು ಬರೆಯುವ ಜಾಗದಲ್ಲಿ.